ಸತ್ತವರ ಒಪ್ಪಿಗೆ

"ಕೇಳ್ರಪೋ ಕೇಳ್ರಿ! ಮೈಕಿನ ಉತ್ತಮ, ಅಂದ್ರ ಉತ್ತಮ ತಂದೆ ತುಳಸಿರಾಮ, ಇಂದ ಮುಂಜಾನಿ ಐದೂವರಿಗೆ ತೀರಿಕೊಂಡಾರ. ಮಧ್ಯಾಹ್ನ ಎರಡಕ್ಕ ಮಣ್ಣು ಅದ. ಎಲ್ಲಾರೂ ಬರ್ರಿ... ಛೇ, ಈ ಹಾಳಾದ ಕ್ಲಚ್ಚು!"

ಕೊನೆಯ ಮಾತೂ ಮೈಕಿನಿಂದ ಹೊರಬಿದ್ದು ಇಡೀ ಬಸವಕಲ್ಯಾಣಕ್ಕೆ ಕೇಳಿಸಿತು. ಗಯಾಸುದ್ದೀನನ ತಪ್ಪಲ್ಲ ಅದು. ಬಲಗೈಯಲ್ಲಿ ಆಟೊದ ಹ್ಯಾಂಡಲ್ಲು, ಎಡಗೈಯಲ್ಲಿ ಮೈಕು. ಕ್ಲಚ್ಚು ಹಿಡಿಯಲು ದೇವರು ಮೂರನೆಯ ಕೈ ಕೊಟ್ಟಿರಲಿಲ್ಲ. ಮೂವತ್ತೊಂದು ವರ್ಷ ಅವನು ಬರೀ ಗಾಡಿ ಹೊಡೆದಿದ್ದ, ಮಾತನ್ನೆಲ್ಲ ಹಿಂದಿನ ಸೀಟಿನ ಉತ್ತಮ ಆಡಿದ್ದ. ಇವತ್ತು ಹಿಂದಿನ ಸೀಟು ಖಾಲಿ.

ತ್ರಿಪುರಾಂತದ ತಿರುವಿನಲ್ಲಿ ಆಟೊ ಗಟಾರದ ಅಂಚನ್ನು ನೆಕ್ಕಿ ಬಂತು. ಚಹಾದಂಗಡಿಯ ಶಂಶುದ್ದೀನ್ ಕೂಗಿದ: "ಗಯಾಸ್ ಮಾಮಾ, ನೋಡಿ ಹೊಡಿ! ಇಲ್ಲಾಂದ್ರ ಸಂಜಿಕ ನಿನ್ನ ಹೆಸರು ಒದರಾಕ ಊರಾಗ ಯಾರೂ ಉಳದಿಲ್ಲ!"

ಖರೆ ಮಾತು. ಉತ್ತಮನಂಥ ಗಂಟಲು ಈ ಸೀಮೆಯಲ್ಲಿ ಇನ್ನೊಂದು ಹುಟ್ಟಿರಲಿಲ್ಲ. ಉತ್ತಮನಿಗೆ ಮೈಕು ಬೇಕಿರಲಿಲ್ಲ, ಮೈಕಿಗೆ ಉತ್ತಮ ಬೇಕಾಗಿದ್ದ. ಒಮ್ಮೆ ಅವನು ಕೋಟೆಯ ಕೆಳಗೆ ನಿಂತು "ನಿಧನರಾಗಿದ್ದಾರೆ" ಎಂದಾಗ, ಹತ್ತಿರ ಹತ್ತಿರ ಮೂವತ್ತು ಕಿಲೋಮೀಟರು ಆಚೆ ಹುಮನಾಬಾದಿನಲ್ಲಿ ಗಡ್ಡ ಕೆರೆಸಿಕೊಳ್ಳುತ್ತಿದ್ದವನೊಬ್ಬ ಅರ್ಧ ಗಡ್ಡದಲ್ಲೇ ಎದ್ದು ಬಸ್ಸು ಹತ್ತಿದ್ದ. ಕಳೆದುಹೋದ ಆಡು, ಪೋಲಿಯೊ ಹನಿ, ನಳ ಬಾರದ ಸುದ್ದಿ, ಎಲ್ಲ ಪಕ್ಷಗಳ ಪ್ರಚಾರ, ಯಾವುದನ್ನೂ ಅವನು ಬಿಟ್ಟವನಲ್ಲ. ಆದರೆ ಅವನ ಕೈ ಪಳಗಿದ್ದು ಸಾವಿನ ಸುದ್ದಿಯಲ್ಲಿ. ಹೆಸರು, ತಂದೆಯ ಹೆಸರು, ಗಲ್ಲಿ, ಕೊನೆಗೆ ಸತ್ತವರ ಬಗ್ಗೆ ಒಂದು ಒಳ್ಳೆಯ ಮಾತು. ಒಳ್ಳೆಯದು ಏನೂ ಸಿಗದ ಒಬ್ಬನಿಗೆ, "ಇವರು ನಳದ ಸಾಲಿನ್ಯಾಗ ಎಂದೂ ನಡುವ ಹೊಕ್ಕವರಲ್ಲ" ಎಂದಿದ್ದ. ದವಾಖಾನೆಯಲ್ಲಿ ಮಲಗಿದವರು ಡಾಕ್ಟರನ್ನು ಕೇಳುತ್ತಿರಲಿಲ್ಲ, "ಉತ್ತಮ ನನ್ನ ಬಗ್ಗೆ ಏನ್ ಹೇಳ್ಯಾನೋ" ಎಂದು ಚಿಂತಿಸಿಯೇ ಎದ್ದು ಮನೆಗೆ ಬರುತ್ತಿದ್ದರು.

ಅಂಥವನು ಈ ಮುಂಜಾನೆ ಚಹಾವನ್ನು ಬಸಿಗೆ ಸುರುವಿಕೊಂಡ, ಊದಿದ, ಕುಡಿಯಲಿಲ್ಲ. ಅಷ್ಟೇ.

ಗಯಾಸುದ್ದೀನ್ ಹದಿನಾಲ್ಕು ಗಲ್ಲಿ ಸುತ್ತಿ ಹನ್ನೊಂದರ ಹೊತ್ತಿಗೆ ಉತ್ತಮನ ಮನೆಗೆ ಬಂದ. ಒಳಗೆ ಇಣುಕಿದವನು ಬಾಗಿಲಲ್ಲೇ ನಿಂತುಬಿಟ್ಟ. ಹೆಣದ ಮಗ್ಗುಲಲ್ಲಿ ಕೂತು ಎದೆ ಬಿರಿಯುವಂತೆ ಅಳುತ್ತಿದ್ದವನು ಝರೆಪ್ಪ! ಹುಮನಾಬಾದಿನ ವೈಜಿನಾಥ ಶೇಠರ ಬಲಗೈ, ಎಡಗೈ, ಎರಡೂ ಅವನೇ. ಉತ್ತಮನ ಎಡಗೈಯನ್ನು ತನ್ನ ಶಾಲಿನೊಳಗೆ ಎಳೆದುಕೊಂಡು, "ದೋಸ್ತಾ, ಬಿಟ್ಟು ಹೋದ್ಯಾ" ಎಂದು ಹೊರಳಾಡುತ್ತಿದ್ದ.

"ಇಂವ ಯಾವಾಗ ಇವನ ದೋಸ್ತ ಆದ?" ಎಂದು ಗಯಾಸುದ್ದೀನ್ ಪಕ್ಕದ ಮನೆಯ ಸೋನುಬಾಯಿಯನ್ನು ಕೇಳಿದ.

"ಅರ್ಧ ತಾಸಾತು ಬಂದು. ಕೈ ಬಿಡಂದ್ರ ಬಿಡವಲ್ಲ. ನನ್ನ ಗಂಡ ಸತ್ತಾಗ ನಾನೂ ಇಷ್ಟು ಅತ್ತಿಲ್ಲಪ್ಪಾ."

ಅಷ್ಟರಲ್ಲಿ ಝರೆಪ್ಪನ ಅಳು ನಳ ತಿರುವಿದಂತೆ ನಿಂತಿತು. ಶಾಲು ಝಾಡಿಸಿ ಎದ್ದ, ಚಪ್ಪಲಿ ಮೆಟ್ಟಿ ಮೋಟಾರ್‌ಸೈಕಲ್ ಹತ್ತಿ ಹೊರಟೇಹೋದ.

*

ನಾಲ್ಕು ವರ್ಷದ ಹಿಂದೆ, ಒಂದು ಬೇಸಗೆಯ ಮಧ್ಯಾಹ್ನ, ಇದೇ ಝರೆಪ್ಪ ಒಂದು ಪಟ್ಟಿ ತಂದಿದ್ದ. ಗಲ್ಲಿಯ ಹಿಂದಿನ ಎರಡೂವರೆ ಎಕರೆ ಸ್ಮಶಾನವನ್ನು ಶೇಠರಿಗೆ ಬಿಟ್ಟುಕೊಟ್ಟು, ಬದಲಿಗೆ ಮುಡಬಿ ದಾರಿಯ ಕಲ್ಲುಗುಡ್ಡ ತೆಗೆದುಕೊಳ್ಳಲು ಗಲ್ಲಿಯ ನಲವತ್ತಾರು ಮಂದಿ ಒಪ್ಪಿ ಸಹಿ ಮಾಡಿದ್ದಾರೆ; ತಕರಾರು ಇದ್ದವರು ಏಳು ದಿನದೊಳಗೆ ಹೇಳಬೇಕು. ಊರಲ್ಲಿ ಡಂಗುರ ಹೊಡೆಸಿದರೆ ಕೆಲಸ ಪೂರಾ.

"ಬಿಸಲ ನೆತ್ತಿಗಿ ಬಂದಾಗ ಒದರಿಬಿಡು," ಎಂದ ಝರೆಪ್ಪ. "ಜಲ್ದಿ ಜಲ್ದಿ ಓದು. ಯಾರಿಗೂ ತಿಳೀಬಾರದು... ಅಂದ್ರ, ಮಲಗಿದವರಿಗಿ ತ್ರಾಸ ಆಗಬಾರದು."

ಊರಲ್ಲಿ ಮೈಕು ಇದ್ದದ್ದು ಒಂದೇ, ಹಾಗಾಗಿ ಕೆಲಸ ಉತ್ತಮನಿಗೇ ಬಂತು. ಶೇಠರ ಎಲ್ಲ ಬುದ್ಧಿವಂತಿಕೆಯೂ ಜಾರಿಬಿದ್ದದ್ದು ಇಲ್ಲೇ.

"ಗಣಪತಿ ತಂದೆ ಲಾಲಪ್ಪ..." ಎಂದು ಓದಿದ ಉತ್ತಮ. ಹೆಸರು ಮುಗಿಯುವಾಗ ದನಿ ತಾನಾಗಿಯೇ ಅರ್ಧ ಇಳಿಯಿತು. "ಗಯಾಬಾಯಿ ಗಂಡ ನಿವೃತ್ತಿ..." ದನಿ ಇನ್ನೂ ಇಳಿಯಿತು. ಮೂರನೆಯ ಹೆಸರಿಗೆ ನಾಲಿಗೆ ತನ್ನ ಹಳೆಯ ಜಾಡು ಹಿಡಿದು, "ನಿಧನರಾಗಿದ್ದಾರೆ" ಎಂದುಬಿಟ್ಟಿತು.

"ಗಯಾಸ್, ಗಾಡಿ ನಿಲ್ಲಸು."

"ಯಾಕೋ?"

"ಈ ಹೆಸರು ನಾ ಮೊದಲೇ ಓದೀನಿ. ಇದೇ ಸಾಲಿನ್ಯಾಗ. ಗಯಾಬಾಯಿ ಸತ್ತ ದಿನ ನಿನ್ನ ಟೈರು ಪಂಕ್ಚರ್ ಆಗಿತ್ತು, ಮಳ್ಯಾಗ ನೂಕಿದ್ವಿ. ನೆನಪದನ?"

"ಹೌದಲ್ಲೋ! ಮರುದಿನ ನನಗ ಜ್ವರ ಬಂದಿತ್ತು."

"ಜ್ವರ ಬಂದ ದಿನ ಸತ್ತವರು ಯಾರು? ನೋಡು ಇಲ್ಲಿ, ಮುಂದಿನ ಹೆಸರು ಅದೇ."

ಇಬ್ಬರೂ ಬೇವಿನ ನೆರಳಲ್ಲಿ ಕೂತರು; ಉತ್ತಮ ಒಂದೊಂದೇ ಹೆಸರು ಓದಿದ, ಗಯಾಸುದ್ದೀನ್ ಆ ದಿನ ನೆನಪಿಸಿಕೊಂಡ. ನಲವತ್ತಾರಕ್ಕೆ ನಲವತ್ತಾರೂ ಉತ್ತಮನೇ ಊರಿಗೆಲ್ಲ ಸಾರಿ ಕಳಿಸಿಕೊಟ್ಟವರು. ಸತ್ತವರು ತಕರಾರು ತೆಗೆಯುವುದಿಲ್ಲ ಎಂಬ ಧೈರ್ಯದಲ್ಲಿ ಯಾರೋ ಸತ್ತವರ ಪಟ್ಟಿಯನ್ನೇ ತಾರೀಖಿನ ಸಾಲಿನಲ್ಲಿ ಇಳಿಸಿಕೊಂಡಿದ್ದರು. ಹೆಸರು ಹಿಂದೆ ಮುಂದೆ ಮಾಡುವಷ್ಟೂ ಪುರುಸೊತ್ತಿಲ್ಲ, ಕಳ್ಳತನದಲ್ಲೂ ಮೈಗಳ್ಳತನ!

"ಬಿಡೋ ಉತ್ತಮ, ನಮಗ್ಯಾಕ? ಶೇಠರದು ಉದ್ದನ್ನ ಕೈ," ಎಂದ ಗಯಾಸುದ್ದೀನ್.

ಉತ್ತಮ ಒಂದು ಬೀಡಿ ಸೇದುವಷ್ಟು ಹೊತ್ತು ಯೋಚಿಸಿದ. ಆಮೇಲೆ ಮೈಕು ಎತ್ತಿದ.

"ಕೇಳ್ರಪೋ ಕೇಳ್ರಿ! ಈ ಕೆಳಗಿನ ನಲವತ್ತಾರು ಮಂದಿ ಮಣ್ಣಾಗಿಂದ ಎದ್ದು ಬಂದು ವೈಜಿನಾಥ ಶೇಠರ ಕಾಗದಕ್ಕ ಸಹಿ ಮಾಡ್ಯಾರ. ಮನಿಯವರು ಬಂದು ಕರಕೊಂಡು ಹೋಗಬೇಕು!"

ಮಲಗಿದವರು ಎದ್ದರು, ಎದ್ದವರು ಓಡಿಬಂದರು. ಸೋನುಬಾಯಿ ಲಟ್ಟಣಿಗೆ ಹಿಡಿದುಕೊಂಡೇ ಬಂದಳು. "ಎಲ್ಲಿ ಅದಾನ ನನ್ನ ಗಂಡ? ಒಂಬತ್ತು ವರ್ಷಾತು ಸತ್ತು. ಇದ್ದಾಗ ಸಾಲಿ ದಾಖಲಾತಿಗೂ ಒಂದು ಸಹಿ ಮಾಡಲಿಲ್ಲ, ಈಗ ಶೇಠರಿಗಿ ಮಾಡ್ಯಾನ? ತೋರಸ್ರಿ ಅವನ್ನ!"

ಒಂದು ಎಳೆ ಎಳೆದರೆ ಇಡೀ ಕವದಿ ಬಿಚ್ಚಿಕೊಂಡಿತು. ಸ್ಮಶಾನದ ಬೆನ್ನಿಗೇ ಹೊಸ ರಸ್ತೆ ಬರುವುದಿತ್ತು. ಅಲ್ಲಿ ಏಳಬೇಕಾದ ಅಂಗಡಿಗಳನ್ನು ಶೇಠರು ತಮ್ಮ ಪಕ್ಷದವರಿಗೆ ಆಗಲೇ ಹಂಚಿಯೂ ಆಗಿತ್ತು. ಎಲ್ಲಕ್ಕಿಂತ ಮೇಲಾಗಿ, ಅದೇ ನಲವತ್ತಾರು ಮಂದಿ ಹಿಂದಿನ ಚುನಾವಣೆಯಲ್ಲಿ ತಪ್ಪದೆ ಬಂದು ಶೇಠರ ಕಡೆಯವನಿಗೆ ವೋಟು ಹಾಕಿ ಹೋಗಿದ್ದರು. ಬದುಕಿದ್ದವರಿಗಿಂತ ಸತ್ತವರಿಗೇ ಪ್ರಜಾಪ್ರಭುತ್ವದ ಮೇಲೆ ಹೆಚ್ಚು ಪ್ರೀತಿ!

ಉತ್ತಮ ಕೇಸು ಹಾಕಿದ. ಹೊಸ ಆಟೊ ಕೊಡುತ್ತೇವೆಂದರು, ಒಲ್ಲೆ ಎಂದ. ಮೈಕಿನ ವಾಯರು ಕತ್ತರಿಸಿದರು. ಮರುದಿನ ಹಳೆಯ ವಾಯರಿಗೆ ಗಂಟು ಹಾಕಿ, "ವಾಯರ್ ಕತ್ತರಿಸಿದವರ ಕತ್ತರಿ ನಮ್ಮ ಅಂಗಳದಾಗ ಬಿದ್ದದ, ಬಂದು ಒಯ್ಯಬೇಕು" ಎಂದು ಮೂರು ಸುತ್ತು ಸಾರಿದ. ಕೇಸು ನಾಲ್ಕು ವರ್ಷ ತೆವಳಿತು. ಅವನು ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಬೇಕಾಗಿದ್ದ ದಿನ ಕೊನೆಗೂ ಗೊತ್ತಾಗಿತ್ತು. ಅದು ನಾಳೆ.

*

ಝರೆಪ್ಪ ಹೋದ ಮೇಲೆ ಹೆಣವನ್ನು ಅಂಗಳಕ್ಕೆ ತಂದು ನೀರು ಹಾಕಿದರು. ಹೆಂಡತಿ ಮುಕ್ತಾಬಾಯಿ ತಂಬಿಗೆ ಬಗ್ಗಿಸುತ್ತಿದ್ದಳು, ಗಯಾಸುದ್ದೀನ್ ಕೈ ಉಜ್ಜುತ್ತಿದ್ದ. ಎಡ ಹೆಬ್ಬೆರಳಿಗೆ ಬಂದಾಗ ಅವನ ಕೈ ನಿಂತಿತು.

"ವೈನಿ, ಇದೇನಿದು?"

ಹೆಬ್ಬೆರಳ ತುದಿ ನೇರಳೆ. ಹಸಿ ಮಸಿ. ಉಜ್ಜಿದರೆ ಅವನ ಬೆರಳಿಗೂ ಹತ್ತಿತು.

ಮುಕ್ತಾಬಾಯಿ ತಂಬಿಗೆ ಕೆಳಗಿಟ್ಟಳು. ಮುಂಜಾನೆಯಿಂದ ಅತ್ತು ಅತ್ತು ದನಿ ಹೋಗಿತ್ತು, ಆದರೆ ಬುದ್ಧಿ ಹೋಗಿರಲಿಲ್ಲ. "ಅದಕ್ಕೇ ಅತ್ತನಲ್ಲ ಆ ಝರ್ಯಾ, ಕೈ ಹಿಡಕೊಂಡು. ಶಾಲಿನ್ಯಾಗ ಕಾಗದ ಇತ್ತು, ಗಯಾಸ್ ಭಾಯ್. ಸತ್ತ ಕೈ ಸಹಿ ಮಾಡೂದಿಲ್ಲಲ್ಲ, ಇವರ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ."

"ಏನ್ ಕಾಗದ?"

"ಮತ್ತೇನು? ನಾ ಸುಳ್ಳ ಕೇಸು ಹಾಕಿದ್ದೆ, ಈಗ ರಾಜಿ ಆಗೀನಿ ಅಂತ. ನಾಳಿ ಕೋರ್ಟಿನ್ಯಾಗ ಅದನ್ನ ಇಟ್ರ, ಇವರು ಸುಳ್ಳಾದ್ರು, ಜಾಗಾ ಹೋತು. ಇವತ್ತ ಅಲ್ಲಿ ಇವರಿಗಿ ಮಣ್ಣು ಮಾಡ್ತೀವಿ, ನಾಳಿ ಆ ಮಣ್ಣಿನ ಮ್ಯಾಲ ಅಂಗಡಿ."

ಮಗಳು ವಿಶಾಖಾ ಠಾಣೆಗೆ ಫೋನು ಮಾಡಲು ಎದ್ದಳು. ಗಯಾಸುದ್ದೀನ್ ತಲೆ ಕೆರೆದುಕೊಂಡ. ಹೆಬ್ಬೆರಳಿನ ಮಸಿ ಏನು ಸಾಕ್ಷಿ ಹೇಳೀತು? ನಿನ್ನೆ ಒತ್ತಿದ್ದು ಅಂದರೆ ಮುಗಿಯಿತು. ಆ ಕಾಗದ ಕಣ್ಣಿಗೆ ಬೀಳದೆ ಏನೂ ಆಗದು. ಅದಾದರೋ ಝರೆಪ್ಪನ ಕಿಸೆಯಲ್ಲಿ ಕೂತು ಹುಮನಾಬಾದಿಗೆ ಹೋಗಿಬಿಟ್ಟಿದೆ.

ಕಾಗದ ತನ್ನ ಕಾಲ ಮೇಲೆ ತಾನೇ ನಡೆದು ಬಂತು. ಎರಡು ಗಂಟೆಗೆ ಸರಿಯಾಗಿ ಗಲ್ಲಿಯ ಬಾಯಿಗೆ ಬಿಳಿ ಕಾರು ನಿಂತಿತು. ಅದರಿಂದ ಇಳಿದವರು ವೈಜಿನಾಥ ಶೇಠರು. ಕಾರಿಗಿಂತ ಬಿಳಿ ಅಂಗಿ, ಹೆಣಕ್ಕಿಂತ ಉದ್ದ ಹಾರ. ಹಿಂದೆ ಝರೆಪ್ಪ. ಹೊಸ ಚುನಾವಣೆ ಹತ್ತಿರ ಬಂದಿತ್ತು. ಉತ್ತಮನನ್ನು ಸುಳ್ಳನೆನ್ನಿಸುವ ಕೆಲಸವನ್ನು ಕೋರ್ಟಿಗೆ ಮಾತ್ರ ಬಿಡದೆ, ಸೇರಿದ ಮುನ್ನೂರು ಮಂದಿಯ ಎದುರಿಗೂ ಮುಗಿಸುವ ಆಸೆ ಅವರಿಗೆ.

ಮೋರಖಂಡಿಯಿಂದ ಬಂದ ನೆಂಟರು ಬುದ್ಧನ ಪಟದ ಮುಂದೆ ಮೇಣಬತ್ತಿ ಹಚ್ಚಿ ತ್ರಿಶರಣ ಹೇಳಿ ಮುಗಿಸಿದ್ದರು. ಶೇಠರು ಹಾರ ಹಾಕಿ, ಗಂಟಲು ಸರಿಮಾಡಿಕೊಂಡರು.

"ಉತ್ತಮ ನನ್ನ ತಮ್ಮ ಇದ್ದಂಗ. ನಡುವ ಒಂದಿಷ್ಟು ಗಲತ್‌ಫಹಮಿ ಆಗಿತ್ತು. ಆದ್ರ ಸಾಯೂಕಿಂತ ಮೊದಲ ಆತ ತಪ್ಪು ಒಪ್ಪಿಕೊಂಡು, ರಾಜಿಪತ್ರ ಬರದು ಕೊಟ್ಟಾನ. ಇಲ್ಲಿ ಅದ, ನೋಡ್ರಿ!" ಎಂದು ಕಾಗದ ಎತ್ತಿ ಹಿಡಿದರು.

ಗಯಾಸುದ್ದೀನ್ ದೂರದಿಂದಲೇ ಗುರುತು ಹಿಡಿದ. ಬಾಂಡ್, ಸರ್ಕಾರದ ಛಾಪಾ ಕಾಗದ! ಓದಲು ಅವನಿಗೆ ಉರ್ದು ಬಿಟ್ಟರೆ ಬೇರೆ ಬರದು. ಆದರೆ ಆಟೊ ಕೊಂಡಾಗ ಅವನೂ ಬಾಂಡ್ ತೆಗೆದಿದ್ದ. ಅದರ ತಲೆಯ ಮೇಲೆ, ಅದು ಮಷೀನಿನಿಂದ ಹೊರಬಿದ್ದ ತಾರೀಖು, ಗಂಟೆ, ನಿಮಿಷ ಎಲ್ಲ ಅಚ್ಚಾಗಿರುತ್ತದೆ. ಉತ್ತಮ ಸಾಯುತ್ತಾನೆಂದು ನಿನ್ನೆ ಉತ್ತಮನಿಗೇ ಗೊತ್ತಿರಲಿಲ್ಲ. ಹಾಗಿದ್ದಮೇಲೆ ಝರೆಪ್ಪ ಬಾಂಡ್ ತೆಗೆದದ್ದು ಯಾವಾಗ? ಅಕಸ್ಮಾತ್ ಹಳೆಯ ಬಾಂಡ್ ಆಗಿದ್ದರೆ? ಆದರೂ ಅವನು ಮೈಕು ತೆಗೆದುಕೊಂಡು ಹೋಗಿ, ತಲೆ ಬಗ್ಗಿಸಿ, ಶೇಠರ ಬಾಯಿಗೆ ಹಿಡಿದ.

"ಮಾಲಕ್, ಹಿಂದ ನಿಂತವರಿಗಿ ಕೇಳವಲ್ದು. ಇದ್ರಾಗ ಓದ್ರಿ. ಮ್ಯಾಲಿಂದ ಕೆಳಗಿನ ತನಕ ಒಂದಕ್ಷರ ಬಿಡಬ್ಯಾಡ್ರಿ. ಬಿಟ್ರ ನಾಳಿ ಈ ಮಂದಿ, ಶೇಠರು ನಡುವ ಏನೋ ನುಂಗಿದ್ರು ಅಂತಾರ."

ಝರೆಪ್ಪ ಹಿಂದಿನಿಂದ ಶೇಠರ ಅಂಗಿ ಜಗ್ಗಿದ. ಶೇಠರು ನೊಣ ಓಡಿಸಿದಂತೆ ಕೈ ಝಾಡಿಸಿದರು. ಹುಟ್ಟಿದಾಗಿನಿಂದ ಅವರು ಕಾಗದಗಳಿಗೆ ಸಹಿ ಮಾಡಿದವರೇ ಹೊರತು, ಒಂದನ್ನೂ ಓದಿದವರಲ್ಲ. ಕನ್ನಡಕ ಏರಿಸಿ, ಭಾಷಣದ ದನಿಯಲ್ಲಿ ಶುರುಮಾಡಿದರು. ನಂಬರು ಓದಿದರು. ಇಂದಿನ ತಾರೀಖು ಓದಿದರು. "ಸಮಯ, ಮುಂಜಾನೆ ಹತ್ತು ಗಂಟೆ ಹನ್ನೆರಡು ನಿಮಿಷ..."

ಗಲ್ಲಿ ಎಂಥ ಮೌನಕ್ಕೆ ಬಿತ್ತೆಂದರೆ, ಚಿಟಗುಪ್ಪದಲ್ಲಿ ಯಾರದೋ ಮನೆಯ ಕುಕ್ಕರ್ ಸೀಟಿ ಹೊಡೆದದ್ದು ಇಲ್ಲಿ ಕೇಳಿಸಿತು.

"ಶೇಠಜಿ," ಎಂದಳು ಸೋನುಬಾಯಿ, "ಹತ್ತಕ್ಕ ಇಂವ ಸತ್ತು ಐದು ತಾಸು ಆಗಾಕ ಬಂದಿತ್ತು. ಊರಿಗೆಲ್ಲ ಡಂಗುರ ಹೊಡದಾಗಿತ್ತು. ನನ್ನ ಗಂಡನ ಕಡಿಂದ ಸಹಿ ಹ್ಯಾಂಗ ಮಾಡಿಸಿದ್ರಿ ಅಂತ ನನಗ ಈಗ ತಿಳೀತು ನೋಡ್ರಿ!"

ಮೊದಲು ನಕ್ಕವಳು ಮುಕ್ತಾಬಾಯಿ. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, ಮೈಯೆಲ್ಲ ಕುಲುಕಿ ನಕ್ಕಳು. ಆಮೇಲೆ ನಗು ಗಲ್ಲಿಯ ಈ ತುದಿಯಿಂದ ಆ ತುದಿಗೆ ಓಡಿತು. ಮಾಳಿಗೆಯ ಮೇಲಿನ ಪಾರಿವಾಳಗಳು ಒಮ್ಮೆಗೇ ಎದ್ದು ಹಾರಿದವು. ಆ ಗದ್ದಲದಲ್ಲಿ ವಿಶಾಖಾ ಮೆಲ್ಲಗೆ ಬಂದು, "ಕೊಡ್ರಿ ಕಾಕಾ, ಹಿಡದು ಹಿಡದು ಕೈ ನೊಂದಾವು" ಎಂದು ಶೇಠರ ಬೆರಳ ನಡುವಿನಿಂದ ಬಾಂಡ್ ಬಿಡಿಸಿಕೊಂಡು, ಫೋಟೊ ಹೊಡೆದು, ಠಾಣೆಗೂ ವಕೀಲರಿಗೂ ಕಳಿಸಿದಳು. ಝರೆಪ್ಪನ ಮೋಟಾರ್‌ಸೈಕಲ್ ಸಂದಿಯಲ್ಲಿ ನುಸುಳಿ ಮಾಯವಾಯಿತು. ಕಾರಿಗೆ ಆ ಭಾಗ್ಯವಿರಲಿಲ್ಲ. ಅದರ ಸುತ್ತ ಮುನ್ನೂರು ಮಂದಿ ನಿಂತಿದ್ದರು.

ಮುಕ್ತಾಬಾಯಿ ಕಣ್ಣೊರೆಸಿಕೊಂಡು ಮುಂದೆ ಬಂದಳು. "ಶೇಠಜಿ, ತಮ್ಮ ಅಂದ್ರಿ. ಅಣ್ಣ ಆದವ ಹೆಗಲು ಕೊಡದೇ ಹ್ಯಾಂಗ ಹೋಗ್ತೀರಿ? ಮಂದಿ ಏನಂದಾರು?"

ಯಾರೋ ಚಟ್ಟದ ಮುಂದಿನ ಬಲ ಮೂಲೆಯನ್ನು ಶೇಠರ ಹೆಗಲಿಗೆ ಇಟ್ಟೇಬಿಟ್ಟರು.

ಹೆಣ ಹೊರುವಾಗ ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ಹೆಗಲು ಬದಲಿಸುತ್ತಾರೆ. ಎಲ್ಲರಿಗೂ ಪುಣ್ಯ ಬೇಕಲ್ಲ. ಹಿಂದಿನ ಎರಡು ಮೂಲೆಗೆ ಮಂದಿ ನೂಕಾಡಿದರು. ಮುಂದಿನ ಎಡಕ್ಕೆ ಶಂಶುದ್ದೀನ್ ಬಂದ, ಆಮೇಲೆ ಮೋರಖಂಡಿಯವರು ಬಂದರು. ಬಲ ಮೂಲೆಗೆ ಮಾತ್ರ ಒಬ್ಬನೂ ಬರಲಿಲ್ಲ.

"ಯಾರಾದ್ರೂ ಬರ್ರೋ," ಎಂದರು ಶೇಠರು, ಏದುಸಿರಿನಲ್ಲಿ.

"ಇನ್ನ ಜರಾ ದೂರ ಅಷ್ಟೇ ಅದ್ರಿ," ಎಂದಿತು ಹಿಂದಿನಿಂದ ಒಂದು ದನಿ. "ಜಾಗಾ ನಿಮಗ ಗೊತ್ತೇ ಅದಲ್ಲ."

ಗಯಾಸುದ್ದೀನ್ ಆಟೊವನ್ನು ಮುಂದೆ ಮುಂದೆ, ನಡಿಗೆಗಿಂತ ನಿಧಾನಕ್ಕೆ ಬಿಡುತ್ತಿದ್ದ. ಸ್ಮಶಾನದ ಗೇಟಿನ ಬಳಿ ಪೊಲೀಸ್ ಜೀಪು ನಿಂತಿತ್ತು. ಅವನು ಪಕ್ಕದ ಕನ್ನಡಿ ತಿರುಗಿಸಿಕೊಂಡು ನೋಡಿದ. ಶೇಠರ ಒಂದು ಕಾಲಿನ ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಉತ್ತಮನ ಭಾರಕ್ಕೆ ಬಾಗಿ, ಬೆವರಿನಲ್ಲಿ ತೊಯ್ದು, ಅವರು ಆ ಎರಡೂವರೆ ಎಕರೆಯೊಳಗೆ ಬರಿಗಾಲಿಟ್ಟರು. ಪೊಲೀಸರನ್ನು ಕಂಡು ಆಸೆಯಿಂದ ತಲೆಯೆತ್ತಿದರು. ಪೊಲೀಸರಿಬ್ಬರೂ ಟೊಪ್ಪಿಗೆ ತೆಗೆದು ಎದೆಗೆ ಹಿಡಿದು, ಮೊದಲು ಉತ್ತಮ ದಾಟಿ ಹೋಗಲೆಂದು ಕಾದು ನಿಂತರು.