ಅಮ್ಮನ ಕಾಯಂ ಕಾರ್ಡು

ನಮ್ಮ ಮನೆಯಲ್ಲಿ ಸುಳ್ಳು ಹೇಳಲು ಬಾರದವಳು ಅಮ್ಮ ಒಬ್ಬಳೇ. ಮಿಕ್ಕ ದಿನಗಳಲ್ಲಿ ಇದು ಹೆಮ್ಮೆಯ ವಿಷಯ. ವಲಸೆ ಕಚೇರಿಯಿಂದ ಸಂದರ್ಶನಕ್ಕೆ ಕರೆ ಬಂದಾಗ ಮಾತ್ರ ಅದೇ ನನಗೆ ದೊಡ್ಡ ತಲೆನೋವಾಯಿತು.

ಈ ದೇಶದಲ್ಲಿ ಅಮ್ಮನಿಗೆ ಕಾಯಂ ವಾಸದ ಕಾರ್ಡು ಇತ್ತು. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಅದು ರದ್ದು. ಹುಟ್ಟಿದ ದೇಶದಲ್ಲಿದ್ದ ನನ್ನ ಸೋದರತ್ತೆ ಬಿದ್ದು ಸೊಂಟ ಮುರಿದುಕೊಂಡಾಗ, ನಲವತ್ತು ದಿನಕ್ಕೆಂದು ಹೋದ ಅಮ್ಮ ನಾಲ್ಕು ವರ್ಷ ಅಲ್ಲೇ ಉಳಿದಳು. ಅತ್ತೆ ತೀರಿಕೊಂಡ ಮೇಲೆ ಮೂರು ತಿಂಗಳ ವೀಸಾದಲ್ಲಿ ಬಂದಿದ್ದಳು. ಅದು ಮುಗಿಯಲು ಇನ್ನು ಮೂರೇ ವಾರ. ಕಾರ್ಡು ಮರಳಿ ಸಿಗದಿದ್ದರೆ ಎಪ್ಪತ್ತಮೂರರ ಮುದುಕಿ ಒಬ್ಬಳೇ ವಾಪಸು ಹೋಗಬೇಕಿತ್ತು.

ನನ್ನ ಹೊಟ್ಟೆಯೊಳಗೆ ಇನ್ನೊಂದು ಉರಿಯೂ ಇತ್ತು. ಅಮ್ಮನದೂ ಅತ್ತೆಯದೂ ಎಣ್ಣೆ ಸೀಗೆಕಾಯಿ ಸಂಬಂಧ. ಅಂಥವಳಿಗಾಗಿ ಹೆತ್ತ ಮಗಳನ್ನು ಬಿಟ್ಟು ನಾಲ್ಕು ವರ್ಷ ಕೂತಳಲ್ಲ! ಬಟ್ಟೆ ಸರಿಪಡಿಸುವ ನಮ್ಮ ಅಂಗಡಿಯನ್ನು ನಾವಿಬ್ಬರೂ ಸೇರಿಯೇ ನಡೆಸುತ್ತಿದ್ದೆವು. ಅವಳು ಹೋದ ಮೇಲೆ ಪ್ಯಾಂಟಿನ ಉದ್ದ ಇಳಿಸುವುದು, ಜಿಪ್ಪು ಬದಲಾಯಿಸುವುದು, ಕೋಟಿನ ತೋಳು ಬಿಚ್ಚಿ ಕೂಡಿಸುವುದು ಎಲ್ಲ ನನ್ನೊಬ್ಬಳ ತಲೆಗೇ ಬಂತು. ನಿನಗೆ ವಾಪಸು ಬರುವ ಮನಸ್ಸಿತ್ತೇ ಎಂದು ಅಮ್ಮನನ್ನು ಕೇಳಲು ಬಾಯಿ ಬರುತ್ತಿರಲಿಲ್ಲ. ಕೇಳಿದರೆ ಅವಳು ನಿಜ ಹೇಳಿಬಿಡುತ್ತಾಳೆ ಎಂಬ ಭಯ.

ವಕೀಲೆ ಕಾಗದಗಳನ್ನೆಲ್ಲ ಜೋಡಿಸಿಕೊಟ್ಟು, "ಎರಡು ವಿಷಯ ನೋಡ್ತಾರೆ. ಯಾಕೆ ಬರೋಕಾಗ್ಲಿಲ್ಲ, ಬರೋ ಮನಸ್ಸಿತ್ತಾ ಇಲ್ವಾ" ಎಂದಿದ್ದರು. ಸಂದರ್ಶನದ ಹಿಂದಿನ ದಿನ ನಾನು ಹೊಲಿಗೆ ಬಿಟ್ಟು ಕೂತು ಅಮ್ಮನಿಗೆ ಪಾಠ ಹೇಳಿಕೊಟ್ಟೆ. ಅಲ್ಲೇ ಉಳಿಯೋಣ ಅನ್ನಿಸಿತ್ತಾ ಎಂದು ಕೇಳಿದರೆ "ಒಂದು ಕ್ಷಣವೂ ಇಲ್ಲ" ಅನ್ನಬೇಕು, ಅಷ್ಟೇ. ಅಮ್ಮ ಕಾಜಾ ಹೊಲಿಯುತ್ತಾ "ಹೂಂ ಹೂಂ" ಅಂದಳು. ಆ ಹೂಂ ನನಗೆ ಚೆನ್ನಾಗಿ ಗೊತ್ತು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ಹೂಂ ಅದು.

ಮರುದಿನ ಕಚೇರಿಯಲ್ಲಿ ಅಮ್ಮನ ಪಕ್ಕ ನನಗೂ ಕುರ್ಚಿ ಕೊಟ್ಟರು. ಎದುರಿಗಿದ್ದ ಅಧಿಕಾರಿಯ ಅಂಗಿಗೆ ಒಂದು ಗುಂಡಿಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿಯಲಾಗಿತ್ತು. ಅಮ್ಮನ ಕಣ್ಣು ಅದರ ಮೇಲೇ ನೆಟ್ಟಿತ್ತು.

"ನೀವು ನೋಡಿಕೊಂಡವರು ನಿಮಗೇನಾಗಬೇಕು?"

"ನಾದಿನಿ."

"ತುಂಬಾ ಅನ್ಯೋನ್ಯವಾಗಿದ್ರಾ?"

"ಇಲ್ಲಪ್ಪ. ಮೂವತ್ತು ವರ್ಷ ಮುಖ ಕೊಟ್ಟು ಮಾತಾಡಿರಲಿಲ್ಲ."

ನಾನು ಕಾಲಿನಿಂದ ಅಮ್ಮನ ಕಾಲನ್ನು ತಿವಿದೆ. ಅವಳು ಕಾಲನ್ನು ಆಚೆ ಎಳೆದುಕೊಂಡಳು.

"ಮತ್ತೆ ನಾಲ್ಕು ವರ್ಷ ಯಾಕೆ ಉಳಿದ್ರಿ?"

"ಅವಳಿಗೆ ಇನ್ಯಾರೂ ಇರಲಿಲ್ಲ. ಮಗ್ಗುಲು ಹೊರಳಿಸೋಕೂ ಒಬ್ಬರು ಬೇಕಿತ್ತು. ಜಗಳ ಇದೆ ಅಂತ ಹಾಗೇ ಬಿಟ್ಟು ಬರೋಕಾಗುತ್ತಾ?"

ಅವರು ವೈದ್ಯರ ಪತ್ರಗಳನ್ನು ಒಂದೊಂದಾಗಿ ತಿರುವಿದರು. ಆಮೇಲೆ ನಾನು ಹೆದರಿದ್ದ ಪ್ರಶ್ನೆಯೇ ಬಂತು.

"ಅಲ್ಲೇ ಇದ್ದುಬಿಡೋಣ ಅಂತ ಯಾವಾಗಾದ್ರೂ ಅನ್ನಿಸಿತ್ತಾ?"

"ಅನ್ನಿಸಿತ್ತು," ಅಂದಳು ಅಮ್ಮ.

ಕಾರ್ಡು ಹೋಯಿತಲ್ಲ ಎಂಬುದಕ್ಕಿಂತ, ನನ್ನ ಅನುಮಾನ ನಿಜವಾಯಿತಲ್ಲ ಎಂದೇ ಹೆಚ್ಚು ಸಂಕಟವಾಯಿತು.

"ಯಾವಾಗ?"

"ಅವಳು ತೀರಿಕೊಂಡ ಮೇಲೆ ಒಂದು ವಾರ. ನೋಡಿ, ನನ್ನ ಈ ಮಗಳು ಹುಟ್ಟಾ ಸಿಡುಕಿ. ಮನೇಲಿ ಇವಳಿಗೆ ಪಟಾಕಿ ಅಂತಾನೇ ಹೆಸರು. ಗಿರಾಕಿಗಳ ಹತ್ರ ಮಾತ್ರ ಬೆಣ್ಣೆ ಥರ ಮಾತಾಡ್ತಾಳೆ. ನಾನು ಹೋದ ಮೇಲೆ ಫೋನಲ್ಲಿ ನನ್ನ ಹತ್ರಾನೂ ಹಾಗೇ ಶುರು ಮಾಡಿದಳು. ನಿಧಾನಕ್ಕೆ ಬಾಮ್ಮ, ಅವಸರ ಇಲ್ಲ, ಇಲ್ಲೆಲ್ಲ ಚೆನ್ನಾಗಿ ನಡೀತಿದೆ. ನಾಲ್ಕು ವರ್ಷ ಇದೇ ರಾಗ. ಸರಿ, ಇವಳಿಗೆ ನಾನೂ ಹೊರಗಿನವಳಾದೆ ಅಂದ್ಕೊಂಡೆ."

ಅಮ್ಮ ನನ್ನ ಚಿಂತೆಯನ್ನೂ ತಲೆಗೆ ಹಚ್ಚಿಕೊಳ್ಳದಿರಲಿ ಎಂದು ನಾನು ಹಾಗೆ ಹೇಳುತ್ತಿದ್ದದ್ದು. ಫೋನಿಟ್ಟ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತು ಅಳುತ್ತಿದ್ದೆ.

"ಆಮೇಲೆ?" ಅಧಿಕಾರಿ ಪೆನ್ನು ಕೆಳಗಿಟ್ಟಿದ್ದರು.

"ಎಂಟನೇ ದಿನ ಫೋನ್ ಮಾಡಿ, ನನ್ನ ಕತ್ತರಿ ಎಲ್ಲಿದೆ ಅಂತ ಕೇಳ್ದೆ. ಕಳಿಸಿಕೊಡು ಅನ್ನೋಣ ಅಂತ. ಕಿರುಚಿದಳು ನೋಡಿ! ನೀನಿಟ್ಟಲ್ಲೇ ಇದೆ, ನಾಲ್ಕು ವರ್ಷದಿಂದ ಒಂದು ನರಪಿಳ್ಳೆಗೂ ಮುಟ್ಟೋಕೆ ಬಿಟ್ಟಿಲ್ಲ, ಬೇಕಾದ್ರೆ ಬಂದು ತಗೋ ಅಂತ. ಹಾಗಂದು ಫೋನ್ ಕುಕ್ಕಿದಳು. ನಂಗೆ ಜೀವ ಬಂದಂಗಾಯ್ತು. ಆವತ್ತೇ ಬಟ್ಟೆಬರೆ ಕಟ್ಟಿದೆ."

ಆ ದಿನ ಅಂಗಡಿ ತುಂಬ ಜನ, ನನ್ನ ತಲೆ ಕೆಟ್ಟಿತ್ತು. ಅತ್ತೆಯನ್ನು ಕಳೆದುಕೊಂಡು ಕೂತಿದ್ದ ತಾಯಿಯ ಮೇಲೆ ಹಾಗೆ ಹಾರಾಡಿದೆನಲ್ಲ ಎಂದು ನಾನು ತಿಂಗಳುಗಟ್ಟಲೆ ಕೊರಗಿದ್ದೆ.

ಅಧಿಕಾರಿ ನನ್ನ ಕಡೆ ತಿರುಗಿದರು. "ನಿಜವಾ ಇದು?"

ನಾನು ತಲೆಯಾಡಿಸಿದೆ.

ಅವರು ಬಹಳ ಹೊತ್ತು ಬರೆದರು. ನಾಲ್ಕು ವರ್ಷದ ಹಿಂದೆ ಅಮ್ಮ ಹೋಗುವಾಗಲೇ ಕೊಂಡಿದ್ದ ವಾಪಸು ಟಿಕೆಟ್ಟಿನ ಪ್ರತಿಯನ್ನು ನೋಡಿ, ಅರ್ಜಿಯ ಮೇಲೆ ಮೊಹರು ಒತ್ತಿ, ಒಂದು ಪತ್ರ ಕೊಟ್ಟರು. "ನಿಮ್ಮ ಕಾರಣ ಒಪ್ಪಿಕೊಂಡಿದೀನಿ ಅಮ್ಮ. ಹೊಸ ಕಾರ್ಡು ಆರು ವಾರದಲ್ಲಿ ಅಂಚೇಲಿ ಬರುತ್ತೆ. ಅಲ್ಲೀವರೆಗೆ ಈ ಪತ್ರ ಸಾಕು. ಎಲ್ಲೂ ಹೋಗಬೇಕಾಗಿಲ್ಲ."

ಹೊರಗೆ ಬಿಸಿಲಿತ್ತು. ಮೆಟ್ಟಿಲ ಮೇಲೆ ಅಮ್ಮ ನಿಂತು, "ಏನಾದ್ರೂ ತಪ್ಪು ಮಾತಾಡಿದ್ನಾ?" ಎಂದು ಕೇಳಿದಳು.

ಸಮಾಧಾನವಾಗಿ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದೇ ಬೇರೆ.

"ಹೇಳಿಕೊಟ್ಟಿದ್ದು ಒಂದಾದ್ರೂ ಹೇಳ್ದಾ ನೀನು? ಒಂದು? ಹೊರಗಿನವಳಂತೆ! ನಾಲ್ಕು ವರ್ಷ ಒಂದೊಂದು ದಿನಾನೂ ನೀನು ಬೇಕಿತ್ತು ನಂಗೆ! ಇನ್ನೊಂದು ಸಲ ನನ್ನ ಬಿಟ್ಟು ಹೋಗು, ನೋಡ್ತೀನಿ!"

ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ನೋಡಲಿ ಎಂದು ನಾನು ಅಲ್ಲೇ ಗೊಳೋ ಎಂದು ಅತ್ತೆ.

ಅಮ್ಮ ಸೆರಗಿನಿಂದ ನನ್ನ ಮೂಗು ಒರೆಸಿದಳು. ಅವಳ ಮುಖ ಅರಳಿತ್ತು.

"ಇದನ್ನೇ ಫೋನಲ್ಲಿ ಹೇಳೋಕೆ ಏನು ದಾಡಿಯಾಗಿತ್ತೇ ನಿಂಗೆ?" ಅಂದಳು.