ಎದುರು ಗೋಡೆಯ ಹುಡುಗಿ

ಎದುರು ಗೋಡೆಯ ಮೇಲಿರುವ ಹುಡುಗಿ ನಾನೇ. ಹೇಳಿದರೆ ಯಾರೂ ನಂಬುವುದಿಲ್ಲ, ನಂಬಿದವರು ನಗುತ್ತಾರೆ. ಅದಕ್ಕೇ ಹೇಳುವುದನ್ನು ಬಿಟ್ಟಿದ್ದೇನೆ. ಎರಡು ಮಹಡಿ ಎತ್ತರದ ಗೋಡೆ. ಅದರ ತುಂಬ ಕೆಂಪು. ಆ ಕೆಂಪಿನ ನಡುವೆ ತಲೆಯನ್ನು ಹಿಂದಕ್ಕೆ ವಾಲಿಸಿ, ತಂಪು ಪಾನೀಯದ ಬಾಟಲಿ ಎತ್ತಿ ಹಿಡಿದು ನಗುವ ಸಪೂರ ಹುಡುಗಿ. ಬರೆದವನು ನನ್ನ ಅಣ್ಣ. ಗೋಡೆಗಳ ಮೇಲೆ ಜಾಹೀರಾತು ಬರೆಯುವುದೇ ಅವನ ಕಸುಬು.

ನಾನು ಬಟ್ಟೆ ಹೊಲಿಯುವವಳು. ನನ್ನ ಮಿಷನ್ನು ಕಿಟಕಿಯ ಪಕ್ಕದಲ್ಲಿದೆ. ಮಧ್ಯಾಹ್ನ ಬೀದಿಯೆಲ್ಲ ತೂಕಡಿಸುವಾಗ ಬಿಸಿಲು ಆ ಗೋಡೆಗೆ ಬಿದ್ದು, ಕೆಂಪು ನನ್ನ ಕೋಣೆಯೊಳಕ್ಕೆ ಹರಿದು ಬರುತ್ತದೆ. ಹೊಲಿಯುತ್ತಿರುವ ಬಿಳಿ ಬಟ್ಟೆಯೂ ಗುಲಾಬಿಯಾಗುತ್ತದೆ. ಆಗ ಅವಳು ಮೆಲ್ಲಗೆ ಗೋಡೆಯಿಂದ ಇಳಿದು, ಬೀದಿ ದಾಟಿ ಬಂದು, ನನ್ನೆದುರಿನ ಸ್ಟೂಲಿನ ಮೇಲೆ ಕೂರುತ್ತಾಳೆ. ಇದು ನಿದ್ದೆಯೋ ಎಚ್ಚರವೋ ಎಂದು ನಾನು ವಿಚಾರಿಸಲು ಹೋಗುವುದಿಲ್ಲ.

"ಎಷ್ಟು ದಪ್ಪ ಆಗಿದೀಯಲ್ಲೇ," ಎನ್ನುತ್ತಾಳೆ.

"ನಿಂಗೇನಮ್ಮ, ಊಟ ಇಲ್ಲ, ತಿಂಡಿ ಇಲ್ಲ, ವಯಸ್ಸೂ ಆಗಲ್ಲ. ಗೋಡೆ ಮೇಲಿಂದ ಮಾತಾಡೋದು ಸುಲಭ," ಎನ್ನುತ್ತೇನೆ.

ಬೈದುಕೊಂಡರೂ ಅವಳೆಂದರೆ ನನಗೆ ಪ್ರಾಣ. ನಾನು ಒಂದು ಕಾಲಕ್ಕೆ ಹಾಗಿದ್ದೆ ಎನ್ನುವುದಕ್ಕೆ ಅವಳನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ನಮ್ಮ ಮನೆಯಲ್ಲಿ ಫೋಟೊ ತೆಗೆಸುವ ಅನುಕೂಲ ಯಾರಿಗಿತ್ತು? ಆದರೆ ಬೀದಿಯ ಆ ಬದಿಗೆ ಮಾತ್ರ ನಾನು ಕಾಲಿಡುವುದಿಲ್ಲ. ಅವಳ ಕೆಳಗೆ ನಿಂತರೆ ಜನ ಮೇಲೊಮ್ಮೆ ಕೆಳಗೊಮ್ಮೆ ನೋಡುತ್ತಾರೆ.

ಹೀಗಿರುವಾಗ ನಗರಸಭೆಯಲ್ಲಿ ಚರ್ಚೆ ಎದ್ದಿತು. ಸಕ್ಕರೆ ಪಾನೀಯಗಳ ಮೇಲೆ ತೆರಿಗೆ ಏರಿಸಬೇಕು, ಶಾಲೆಗೆ ಕಾಣುವ ಗೋಡೆಗಳಿಂದ ಅವುಗಳ ಜಾಹೀರಾತು ಅಳಿಸಬೇಕು ಎಂದು. ನಮ್ಮ ಬೀದಿಯ ಮೂಲೆಯಲ್ಲೇ ಶಾಲೆ. ಅವಳನ್ನು ಉಳಿಸಿಕೊಳ್ಳಲೇಬೇಕೆಂದು ನಾನೂ ಸಭೆಗೆ ಹೋದೆ. ಕೈಯಿರುವ ಕುರ್ಚಿಗಳು ನನಗೆ ಆಗಿಬರುವುದಿಲ್ಲ, ಹಿಂದೆ ಬೆಂಚು ಹುಡುಕಿ ಕೂತೆ.

ಪಾನೀಯದ ಅಂಗಡಿಯವನು ಎದ್ದು, "ಜನ ದಪ್ಪ ಆದ್ರೆ ಗೋಡೆಗೆ ಸುಣ್ಣವಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು! ನಾವೇನು ಮೂಗು ಹಿಡಿದು ಕುಡಿಸ್ತೀವಾ? ಬಾಯಿ ಅವರದು, ಇಷ್ಟ ಅವರದು," ಎಂದ. ಸಭೆ ನಕ್ಕಿತು.

ಮಕ್ಕಳ ಡಾಕ್ಟರಮ್ಮ ನಗಲಿಲ್ಲ. "ಬಾಯಿ ಅವರದೇ. ಆದ್ರೆ ಅದು ಇನ್ನೂ ಹಾಲುಹಲ್ಲಿನ ಬಾಯಿ. ದೊಡ್ಡವರಾದ ಮೇಲೆ ಆ ಮೈ ಹೊತ್ತು ಮೆಟ್ಟಿಲು ಹತ್ತೋರು ಅವರು, ನೀವಲ್ಲ," ಎಂದರು.

ಸಾಲು ಸಾಲು ಕತ್ತುಗಳು ನನ್ನ ಕಡೆ ತಿರುಗಿದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನೂ ಸೆರಗು ಎಳೆದುಕೊಂಡೆ. ಮೈಯೆಲ್ಲ ಉರಿದುಹೋಯಿತು. ಡಾಕ್ಟರಮ್ಮನ ಮಾತಿನಲ್ಲಿ ತಪ್ಪೇನಿರಲಿಲ್ಲ, ಉರಿಸಿದ್ದು ಆ ಕತ್ತುಗಳು. ಹೇಳಬೇಕೆಂದು ಹೋದದ್ದನ್ನು ಹೇಳದೆ ಎದ್ದು ಬಂದೆ. ಅಳಿಸುವ ಆದೇಶ ಹೊರಬಿತ್ತು. ಕೆಲಸ ಬಂದದ್ದು ಅಣ್ಣನ ಪಾಲಿಗೇ.

"ಅಳಿಸ್ತೀಯಾ?" ಎಂದು ಕೇಳಿದೆ.

"ಅಳಿಸದೆ ಇರಕ್ಕಾಗುತ್ತಾ? ಆದೇಶ," ಎಂದು ಕಣ್ಣು ಮಿಟುಕಿಸಿದ. "ಸುಣ್ಣ ಹೊಡಿ ಅಂದಿದಾರೆ. ಹೊಡೀತೀನಿ."

ಆಯಿಲ್ ಪೇಂಟಿನ ಮೇಲೆ ಸುಣ್ಣ ಹಿಡಿಯುವುದಿಲ್ಲ. ಕಸುಬಿನವರಿಗೆಲ್ಲ ಗೊತ್ತಿರುವ ಮಾತು ಅದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗೋಡೆ ಬೆಳ್ಳಗಾಯಿತು, ಅಧಿಕಾರಿ ಬಂದು ನೋಡಿ ತಲೆಯಾಡಿಸಿದ. ಆಮೇಲೆ ಒಂದು ಮಳೆ ಬಂತು. ಸುಣ್ಣ ಹಪ್ಪಳಿಕೆ ಎದ್ದು ಉದುರತೊಡಗಿತು. ಮೊದಲು ಒಂದು ಕಣ್ಣು ಬಂತು, ಬಿಳಿ ಮಂಜಿನೊಳಗಿಂದ ಇಣುಕಿದ ಹಾಗೆ. ಆಮೇಲೆ ನಗು, ಆಮೇಲೆ ಬಾಟಲಿ. ಮಧ್ಯಾಹ್ನ ನನ್ನ ಕೋಣೆಗೆ ಚುಕ್ಕಿ ಚುಕ್ಕಿ ಕೆಂಪು ಬೆಳಕು ಬಿತ್ತು. ಹೊಲಿಯುವುದನ್ನು ಬಿಟ್ಟು ಅದರಲ್ಲಿ ಕೈ ಅದ್ದಿಕೊಂಡು ಕೂತೆ. ಎಷ್ಟು ಖುಷಿಯಾಯಿತೆಂದರೆ ಅಳು ಬಂತು.

ಶಾಲೆ ಬಿಟ್ಟ ಹೊತ್ತು. ಮಂಪರಿನಲ್ಲಿದ್ದ ನನಗೆ ಗೋಡೆಯ ಬುಡದಲ್ಲಿ ಇನ್ನೊಂದು ಹುಡುಗಿ ಕಂಡಳು. ಅದೇ ವಾಲಿದ ತಲೆ, ಅದೇ ಎತ್ತಿದ ಕೈ, ಕೈಯಲ್ಲಿ ಕೆಂಪು ಬಾಟಲಿ. ಕನಸೇ ಇರಬೇಕೆಂದು ನೋಡುತ್ತಲೇ ಇದ್ದೆ. ಅವಳ ಗಂಟಲು ಗುಟುಕು ಗುಟುಕಾಗಿ ಆಡುತ್ತಿತ್ತು. ಗೋಡೆಯವಳ ಗಂಟಲು ಎಂದೂ ಆಡಿದ್ದಿಲ್ಲ. ಆಗ ಎಚ್ಚರವಾಯಿತು. ಅವಳು ಅಣ್ಣನ ಮಗಳು ಬುಗುರಿ. ಗುಂಡಗಿದ್ದಾಳೆಂದು ಶಾಲೆಯಲ್ಲಿ ಇಟ್ಟ ಹೆಸರು ಮನೆಗೂ ಬಂದು ಕೂತಿದೆ.

ಚಪ್ಪಲಿ ಮೆಟ್ಟಿದೆನೋ ಇಲ್ಲವೋ, ಬೀದಿ ದಾಟಿಬಿಟ್ಟಿದ್ದೆ.

"ಏನೇ ಮಾಡ್ತಿದೀಯ?"

"ಅತ್ತೆ, ಅಪ್ಪ ಹೇಳ್ತು, ಇದು ನೀನಂತೆ. ಇದನ್ನ ಕುಡಿದ್ರೆ ನಾನೂ ಹಿಂಗೇ ಸಣ್ಣ ಆಗ್ತೀನಲ್ವಾ?"

ಈ ಮಗುವಿನ ಮೈಯಲ್ಲಿ ನನ್ನ ಮೈ ಆಗಲೇ ಹೊರಟು ನಿಂತಿತ್ತು. ದಾರಿ ತೋರಿಸುತ್ತಿದ್ದವಳು ನನ್ನ ಮುದ್ದಿನ ಹುಡುಗಿ.

"ಅವಳು ಕುಡೀತಿಲ್ಲ ಕಣೇ," ಎಂದೆ. "ಆ ಬಾಟಲಿ ಖಾಲಿ. ಅದರ ರುಚಿನೇ ಗೊತ್ತಿರಲಿಲ್ಲ ಅವಳಿಗೆ. ಮನೇಲಿ ಎರಡು ಹೊತ್ತಿನ ಊಟಕ್ಕೂ ತತ್ವಾರ, ಅದಕ್ಕೇ ಸಣ್ಣಗಿದ್ಲು. ಚಿತ್ರ ಮುಗಿದ ಮೇಲೆ ಕಂಪನಿಯೋರು ಖುಷಿಯಾಗಿ ಕ್ರೇಟುಗಟ್ಟಲೆ ಕಳಿಸಿದ್ರು. ಕುಡಿಯಕ್ಕೆ ಶುರು ಮಾಡಿದ್ದು ಆಮೇಲೆ. ನೋಡು, ಕುಡಿದೋಳು ಇಲ್ಲಿದೀನಿ."

ಬುಗುರಿ ಮೇಲೊಮ್ಮೆ ಕೆಳಗೊಮ್ಮೆ ನೋಡಿದಳು. ನಾನು ಇಷ್ಟು ವರ್ಷ ಹೆದರಿದ್ದ ನೋಟ ಅದು. ಬಂದೇ ಬಂತು, ಆಕಾಶವೇನೂ ಕಳಚಿ ಬೀಳಲಿಲ್ಲ.

"ಮತ್ತೆ ಯಾಕೆ ನಗ್ತಿದಾಳೆ?"

"ನಿಮ್ಮಪ್ಪ ನಗಿಸಿದ್ದು. ಬಾಡಿಗೆ ಕೇಳಕ್ಕೆ ಬರ್ತಿದ್ದ ಮನೆ ಯಜಮಾನನ ಥರ ಹೊಟ್ಟೆ ಮುಂದೆ ಮಾಡಿ, ಕೆಮ್ಮುತ್ತಾ ನಡೆದು ತೋರಿಸಿದ. ಹಸಿವೂ ಮರೆತುಹೋಗಿತ್ತು."

ಬುಗುರಿ ಬಾಟಲಿಯನ್ನು ಕೆಳಗಿಟ್ಟಳು. ಪೂರ್ತಿ ಬಿಟ್ಟಳು ಎಂದು ಹೇಳಲಾರೆ, ಅವಳು ಮಗು. ಆದರೆ ಆಗ ಇಟ್ಟಳು.

ಮರುದಿನ ಅಣ್ಣನಿಗೆ, "ಸುಣ್ಣ ಬೇಡ. ಉಪ್ಪುಕಾಗದ ಹಾಕಿ ಉಜ್ಜಿ ತೆಗಿ," ಎಂದೆ. ಅವನು ಏಣಿ ತಂದ. ಬಾಟಲಿ ಹೋಯಿತು, ಎತ್ತಿದ ಕೈ ಹೋಯಿತು. ಕೆಂಪು ಪುಡಿ ಬಿಸಿಲಿನಲ್ಲಿ ತೇಲುತ್ತ ನನ್ನ ಕೂದಲ ಮೇಲೆ, ಹೆಗಲ ಮೇಲೆ ಇಳಿಯಿತು. ಮುಖದ ಹತ್ತಿರ ಬಂದಾಗ ಅವನ ಕೈ ನಿಂತುಬಿಟ್ಟಿತು.

"ನನ್ ಕೈಲಿ ಆಗಲ್ಲ ಕಣೇ," ಎಂದ.

ಶಾಲೆ ಬಿಟ್ಟಿತ್ತು. ಮಕ್ಕಳು, ಅವರ ತಾಯಂದಿರು, ಪಾನೀಯದ ಅಂಗಡಿಯವನು, ಎಲ್ಲ ನಿಂತು ನೋಡುತ್ತಿದ್ದರು. ನಾನು ಬೀದಿಯ ನಡುವೆ ಬಂದೆ. ಕೈ ಹಿಂದಕ್ಕೆ ಕಟ್ಟಿದೆ. ಹೊಟ್ಟೆ ಮುಂದೆ ಮಾಡಲು ನಾನು ಕಷ್ಟಪಡಬೇಕಾಗಿರಲಿಲ್ಲ. ಹೆಜ್ಜೆಗೊಂದು ಕೆಮ್ಮು ಕೆಮ್ಮುತ್ತ, ಮನೆ ಯಜಮಾನನಂತೆ ಏಣಿಯ ಬುಡಕ್ಕೆ ನಡೆದೆ. "ಏನಪ್ಪಾ, ಬಾಡಿಗೆ ಯಾವಾಗ?"

ಮೊದಲು ಬುಗುರಿ ನಕ್ಕಳು. ಆಮೇಲೆ ಏಣಿಯ ಮೇಲೆ ಅಣ್ಣ, ಕಣ್ಣೊರೆಸಿಕೊಳ್ಳುತ್ತ, ಹಳೆಯ ನಗು ನಕ್ಕ. ಅವನ ಕೈ ಮತ್ತೆ ಆಡತೊಡಗಿತು. ಆ ಮುಖ ಪೂರ್ತಿ ಹೋಗುವವರೆಗೂ ನಾನು ಅಷ್ಟು ಜನರ ಎದುರು ಕೆಮ್ಮುತ್ತ, ಆ ಬದಿಯಲ್ಲೇ ಅತ್ತಿಂದಿತ್ತ ನಡೆಯುತ್ತಿದ್ದೆ.