ನೇಕಾರ ಕಟ್ಟಿದ ಜಾಳಿಗೆ

ಪ್ರತಿ ಊರಿನ ಚರಿತ್ರೆಯಲ್ಲೂ ಮರೆಯಲಾಗದ ಕೆಲವು ದುರಂತಗಳಿರುತ್ತವೆ. ಗಜೇಂದ್ರಗಡದ ಬಸ್ ನಿಲ್ದಾಣದ ಎದುರು, ಬೇವಿನ ಗಿಡದ ಕೆಳಗೆ, ವೀರವ್ವನ ತೆನೆ ಸುಡುವ ಒಲೆ ಮುರಿದು ಬಿದ್ದದ್ದು ಅಂಥ ಒಂದು. ಪತ್ರಿಕೆಗಳು ಇದನ್ನು ಬರೆಯಲಿಲ್ಲ. ಅವಕ್ಕೆ ಅವತ್ತು ಮಂತ್ರಿಮಂಡಲ ಮುಂತಾದ ಸಣ್ಣಪುಟ್ಟ ಸುದ್ದಿಗಳಿದ್ದವು.

ಒಲೆಯೆಂದರೆ ಎಣ್ಣೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಅದರ ಅರ್ಧಕ್ಕೆ ನಾಲ್ಕು ಕಾಲು ಹಚ್ಚಿ, ಮೇಲೆ ಕಬ್ಬಿಣದ ಸರಳಿನ ಜಾಳಿಗೆ ಕೂಡಿಸಿದ್ದು. ಒಳಗೆ ಇದ್ದಿಲು, ಮೇಲೆ ಗೋವಿನಜೋಳದ ತೆನೆ. ಸಂತೆಯ ಹಿಂದಿನ ದಿನ ಬೆಳಿಗ್ಗೆ ಒಂದು ಬಿಡಾಡಿ ಹೋರಿ ಬಂದು ಅದಕ್ಕೆ ಕುತ್ತಿಗೆ ತಿಕ್ಕಿಕೊಂಡಿತು. ಹೋರಿಗೆ ಸುಖವಾಯಿತು. ಒಲೆ ಕಾಲು ಮುರಿದುಕೊಂಡು ರಸ್ತೆಗೆ ಉರುಳಿತು. ಹಿಂದಿನಿಂದ ಬಂದ ಟ್ರ್ಯಾಕ್ಟರು ಜಾಳಿಗೆಯ ಮೇಲೆ ಹಾದು, ಅದನ್ನು ಹಪ್ಪಳ ಮಾಡಿ, ನಿಲ್ಲದೆ ಹೋಯಿತು.

ಬರಿಯ ಒಲೆಯ ಮಾತಾಗಿದ್ದರೆ ವೀರವ್ವ ಒಂದು ವಾರ ಮನೆಯಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದಳು. ಆದರೆ ಬೇವಿನ ಗಿಡದ ಕೆಳಗೆ ಒಂದು ಕಾಯಿದೆಯಿತ್ತು. ಸಂತೆಯ ಸಂಜೆ ರಾಜೂರ ಬಸ್ಸು ಹೊರಡುವುದರೊಳಗೆ ತನ್ನ ಜಾಗದಲ್ಲಿ ಬೆಂಕಿ ಹಚ್ಚಿ ಒಬ್ಬ ಗಿರಾಕಿಗಾದರೂ ಮಾಲು ಕೊಡದವರ ಜಾಗ ಪಕ್ಕದವರ ಪಾಲು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಹಾಗಾಗಿ ಯಾವ ವಕೀಲನಿಗೂ ಇದರಲ್ಲಿ ತೂತು ಹುಡುಕಲು ಆಗಿರಲಿಲ್ಲ. ವೀರವ್ವನ ಪಕ್ಕದವಳು ಮಿರ್ಚಿ ಭಜಿಯ ತಿಪ್ಪವ್ವ. ಅವಳ ಬಾಣಲೆ ದಿನವೆಲ್ಲ ಬಿಸಿಲಲ್ಲಿ, ವೀರವ್ವನ ಒಲೆ ನೆರಳಲ್ಲಿ. ಒಲೆ ಉರುಳಿದಾಗ ಎಲ್ಲರಿಗಿಂತ ಮೊದಲು ಬಂದು "ಅಯ್ಯ ನಮ್ಮವ್ವಾ, ಹಿಂಗಾಗಬಾರದಿತ್ತ" ಎಂದವಳು ಅವಳೇ. ಹೇಳುತ್ತ ಹೇಳುತ್ತ ನೆರಳನ್ನು ಕಣ್ಣಲ್ಲೇ ಅಳೆದಳು.

ವೀರವ್ವ ಒಲೆಯನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಬಾಬುಸಾಬನ ವೆಲ್ಡಿಂಗ್ ಅಂಗಡಿಗೆ ಹೋದಳು.

"ಬಾಬುಸಾಬಣ್ಣಾ, ಒಂದ್ ಕಾಲು, ಒಂದ್ ಜಾಳಿಗಿ. ಲಗೂ ಮಾಡಿ ಕೊಡೋ."

"ಯವ್ವಾ, ಹಿಂಗಾರಿ ಬಿತ್ತಿಗಿ ಬಂದು ಬಾಗಲದಾಗ ನಿಂತೈತಿ. ಈ ಕೂರಿಗಿ ನೋಡಿಲ್ಲೆ, ಸಾಲಿ ಹುಡುಗ್ರಂಗ ಪಾಳಿ ಹಚ್ಯಾವ. ನಾಡಿದ್ದ ತಗೊಂಡ ಬಾ."

"ನಾಡಿದ್ದ ನಾ ಜಾಗಾ ಕಳಕೊಂಡ ಮನ್ಯಾಗ ಕುಂತಿರ್ತೀನಿ."

"ಹಂಗಾರ ಚಲೋನ ಆತಲ್ಲ. ಆವಾಗ ನಿನಗೂ ಗಡಿಬಿಡಿ ಇರೂದಿಲ್ಲ, ನನಗೂ ಇರೂದಿಲ್ಲ."

ಅವಳು ಅಲ್ಲಿಂದ ಕದಲಲಿಲ್ಲ. ಕೂರಲೂ ಇಲ್ಲ. ಕೂರಿಗೆಗಳ ನಡುವೆ ಅತ್ತಿಂದಿತ್ತ ತಿರುಗಿ, ಒಂದೊಂದನ್ನೂ ಮುಟ್ಟಿ ನೋಡಿ, ಯಾರದು, ಯಾವೂರದು, ಮುರಿದದ್ದು ಹೇಗೆ ಎಂದು ಕೇಳತೊಡಗಿದಳು. ಸ್ವಲ್ಪ ಹೊತ್ತಿಗೆ ಬಾಬುಸಾಬ ಕೈಮುಗಿದು, ಒಂದು ಪೈಪಿನ ತುಂಡು ತಂದು ಕಾಲು ಹಚ್ಚಿ ಕೊಟ್ಟ. "ಜಾಳಿಗಿ ಮಾತ್ರ ಕೇಳಬ್ಯಾಡ. ಸರಳ ಇಲ್ಲ. ಇನ್ನ ಹೋಗ ತಾಯಿ, ನೀ ಹಿಂಗ ತಿರಗಿದ್ರ ನನ್ನ ಕೈ ನಡಗತೈತಿ."

ಮನೆಯಲ್ಲಿ ಗಂಡ ನಿಜಲಿಂಗಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ. ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಓಣಿಯ ನೇಕಾರರಲ್ಲಿ ಎರಡು ಪಂಥ. ಮಗ್ಗದ ಉದ್ದಕ್ಕೆ ಚಾಚಿದ ಹಾಸಿನ ನೂಲು ಸಡಿಲಾಗದಂತೆ ಅದರ ಹಗ್ಗವನ್ನು ಹಿಂದಿನ ಗೂಟಕ್ಕೆ ಎಳೆದು ಕಟ್ಟುವವರು ಒಂದು. ಹಗ್ಗದ ತುದಿಗೆ ಕಲ್ಲು ತೂಗುಬಿಟ್ಟು, ಎಳೆಯುವ ಕೆಲಸವನ್ನು ಕಲ್ಲಿಗೇ ಒಪ್ಪಿಸುವವರು ಇನ್ನೊಂದು. ನಿಜಲಿಂಗಪ್ಪ ಗೂಟದವನು, ಅವನಪ್ಪನೂ ಗೂಟದವನು. ಮಳೆಗಾಲದ ತಂಪಿಗೆ ಹಾಸು ಸಡಿಲಾದಾಗ ದಿನಕ್ಕೆ ಹತ್ತು ಸಲ ಎದ್ದು ಬಿಗಿಯುತ್ತಿದ್ದನೇ ಹೊರತು ಕಲ್ಲು ಕಟ್ಟಿದವನಲ್ಲ. ಕಲ್ಲು ಕಟ್ಟುವವರನ್ನು ಅವನು ಮದುವೆ ಮನೆಗಳಲ್ಲಿ ಮಾತಾಡಿಸುತ್ತಿದ್ದ, ಆದರೆ ಹೆಚ್ಚು ಹೊತ್ತಲ್ಲ.

ವೀರವ್ವ ಜಾಳಿಗೆಯ ಸಂಕಟ ಹೇಳಿಕೊಂಡಳು. ಅವನು ಲಾಳಿ ನಿಲ್ಲಿಸಿದ.

"ಜಾಳಿಗಿ ಅಂದ್ರ ಏನ? ಹಾಸು. ತಂತಿ ತಂದ್ರ ಆತು. ಬಾಬುಸಾಬ ಯಾಕ ಬೇಕ?"

"ನೂಲು ಬ್ಯಾರೆ, ತಂತಿ ಬ್ಯಾರೆ ಅಲ್ರಿ?"

"ಬಿಗಿ ಒಂದ. ಹಾಸು ಹಾಕೂದು ನನಗ ಕಲಸ್ತಿಯೇನ?"

ಅವಳು ಕಲಿಸಲಿಲ್ಲ. ಇಟ್ಟಂಗಿಯ ಚೂರು ಹಿಡಿದು ಒಲೆಯ ತುಕ್ಕು ತಿಕ್ಕಿದಳು. ತುಕ್ಕು ಹೋದ ಕಡೆ ಒಂದು ತೂತು ಹೊರಬಿತ್ತು, ಬೆಕ್ಕಿನ ಮರಿ ಹಾಯುವಷ್ಟು. ಎಣ್ಣೆ ಡಬ್ಬಿಯ ಮುಚ್ಚಳವನ್ನು ಒಳಗಿನಿಂದ ಒತ್ತಿಟ್ಟು, ಹುತ್ತಿನ ಮಣ್ಣಿಗೆ ಬೂದಿ ಕಲಸಿ ಮೆತ್ತಿದಳು. ಮೆತ್ತಿದ್ದು ಒಣಗುವವರೆಗೆ ಸುಮ್ಮನಿರಬೇಕಲ್ಲ, ಅದು ಅವಳಿಂದಾಗಲಿಲ್ಲ. ಮುಟ್ಟಿ ನೋಡುವಳು, ಬಾಗಿಲಿಗೆ ಹೋಗುವಳು, ಬಸ್ ನಿಲ್ದಾಣದ ದಿಕ್ಕಿಗೆ ಕತ್ತು ಚಾಚುವಳು, ಮತ್ತೆ ಬಂದು ಮುಟ್ಟುವಳು. ಅವಳ ಬೆರಳಿನ ಗುರುತುಗಳೇ ಒಂದು ಕಸೂತಿಯಾದವು.

ಮರುದಿನ ಮಧ್ಯಾಹ್ನ ನಿಜಲಿಂಗಪ್ಪ ಒಲೆಯ ಎರಡೂ ತುದಿಗೆ ಮೊಳೆಯಿಂದ ಸಾಲುತೂತು ಹೊಡೆದು, ಸೆಂಟ್ರಿಂಗ್ ಕೆಲಸದವರಿಂದ ತಂದ ತಂತಿಯನ್ನು ಎಳೆ ಎಳೆಯಾಗಿ ಕಟ್ಟಿದ. ಎಳೆಗೆ ಎಳೆ ಸಮಾಂತರ, ಒಂದು ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲ. ಇಕ್ಕಳ ಹಾಕಿ ಬಿಗಿದ ಮೇಲೆ ಬೆರಳಿನಿಂದ ಮೀಟಿದರೆ ಟಿಣ್ ಎಂದಿತು.

"ಹ್ಯಾಂಗೈತಿ?"

"ಚಲೋ ಆಗೇತ್ರಿ. ಸೆರಗು ಯಾವ ಕಡಿ ಬಂತು?"

"ನಗಬ್ಯಾಡ. ಆನಿ ನಿಂತ್ರೂ ಜಗ್ಗೂದಿಲ್ಲ."

ಆನೆ ಬರಲಿಲ್ಲ. ಸಂಜೆ ಬೇವಿನ ಕೆಳಗೆ ಒಲೆ ಹೂಡಿದಾಗ ಬಂದದ್ದು ರಾಜೂರಿನ ಮೈಲಾರಪ್ಪ, ವೀರವ್ವನ ಹಳೆಯ ಗಿರಾಕಿ. ಬಾಯಲ್ಲಿ ಹಲ್ಲು ಅಲ್ಲೊಂದು ಇಲ್ಲೊಂದು. ಅವುಗಳಿಗೆ ಒಗ್ಗುವ ಎಳೆಯ ತೆನೆಯನ್ನು ಅವಳೇ ಆರಿಸಿ ಕೊಡಬೇಕು. ಸಂತೆಯ ಚೀಲವನ್ನು ಕಾಲಸಂದಿಯಲ್ಲಿಟ್ಟುಕೊಂಡು ಕಾಯುತ್ತ ಕೂತ. ರಾಜೂರ ಬಸ್ಸು ಆಗಲೇ ಬಂದು ನಿಂತಿತ್ತು.

ಇದ್ದಿಲು ಹೊತ್ತಿತು. ವೀರವ್ವ ಬೀಸಣಿಕೆ ಬೀಸಿದಳು, ಕೆಂಡ ಕೆಂಪಾಯಿತು, ತೆನೆ ಇಟ್ಟಳು. ನಿಜಲಿಂಗಪ್ಪ ಕೈಕಟ್ಟಿಕೊಂಡು ನೋಡುತ್ತ ನಿಂತ.

ಮೊದಲು ನಡುವಿನ ತಂತಿ ಬಾಗಿತು. ಆಮೇಲೆ ಅದರ ಅಕ್ಕಪಕ್ಕದವು. ಅಷ್ಟು ಬಿಗಿಯಾಗಿದ್ದ ಜಾಳಿಗೆ ಊಟವಾದವನ ಧೋತರದ ಹಾಗೆ ಸಡಿಲಾಗಿ ಕೆಳಗಿಳಿಯಿತು, ತೆನೆ ಉರುಳಿ ಕೆಂಡಕ್ಕೆ ಬಿತ್ತು.

"ಒಳಗ ಹೋತು," ಎಂದ ಮೈಲಾರಪ್ಪ.

"ಕಾಣತೈತಿ ಅಜ್ಜಾ," ಎಂದಳು ವೀರವ್ವ.

ನಿಜಲಿಂಗಪ್ಪ ಇಕ್ಕಳ ತೆಗೆದ. ಬೆರಳು ಸುಟ್ಟುಕೊಳ್ಳುತ್ತ, ಉಫ್ ಎಂದು ಊದಿಕೊಳ್ಳುತ್ತ, ಒಂದೊಂದೇ ತಂತಿ ಮತ್ತೆ ಬಿಗಿದ. ಎರಡನೆಯ ತೆನೆ ಇಟ್ಟರು. ಕೆಂಡ ಇನ್ನಷ್ಟು ಕಾಯ್ದಿತ್ತು, ತಂತಿ ಇನ್ನಷ್ಟು ಉದ್ದವಾಯಿತು. ಎರಡನೆಯ ತೆನೆ ಮೊದಲನೆಯದನ್ನು ಕೂಡಿಕೊಂಡಿತು.

"ನಿಜಲಿಂಗಣ್ಣಾ," ತಿಪ್ಪವ್ವ ಬಾಣಲೆಯ ಹಿಂದಿನಿಂದ ಕೇಳಿದಳು, "ತೆನಿಗೆ ಜೋಳಿಗಿ ಕಟ್ಟೀಯಲ್ಲ. ತೊಟ್ಟಲಾ ತೂಗ್ತೀಯೇನ?"

ಸುತ್ತಲಿದ್ದವರು ನಕ್ಕರು. ಬಸ್ಸಿನ ಚಾಲಕ ಚಹಾದ ಗ್ಲಾಸು ಕೆಳಗಿಟ್ಟು ಸೀಟಿಗೆ ಹತ್ತಿದ. ವೀರವ್ವ ಒಮ್ಮೆ ಬಸ್ಸನ್ನು, ಒಮ್ಮೆ ಕೆಂಡವನ್ನು, ಒಮ್ಮೆ ನೆರಳನ್ನು ನೋಡಿದಳು. ತಿಪ್ಪವ್ವನ ಬಾಣಲೆಗೆ ಕಾಲು ಬಂದು ಅದು ಆಗಲೇ ನೆರಳಿನ ಕಡೆ ಎದ್ದು ನಿಂತಂತೆ ಅವಳಿಗೆ ಕಂಡಿತು.

"ಏನ್ರಿ, ಒಂದ್ ಕಡಿ ಬಿಚ್ಚಿ ಕಲ್ಲ ಕಟ್ರಿ."

"ಏನಂದಿ?"

"ಕಲ್ಲ. ತಂತಿ ಬೆಳದಂಗ ಕಲ್ಲು ಜಗ್ಗಕೋಂತ ಹೋಗತೈತಿ. ಓಣ್ಯಾಗ ಅರ್ಧ ಮಂದಿ ಮಾಡೂದಿಲ್ಲೇನ?"

"ಆ ಅರ್ಧ ಮಂದಿ ನೇಕಾರರಲ್ಲ. ನಮ್ಮಪ್ಪ ಸಾಯೂತನಕ ಗೂಟಾ ಬಿಡಲಿಲ್ಲ."

"ಖರೇ. ನಿಮ್ಮಪ್ಪಾರು ಹಾಸಿನ ಬುಡಕ ಬೆಂಕಿ ಹಚ್ಚಿ ನೇಯ್ತಿದ್ರೇನ?"

ಬಸ್ಸಿನ ಎಂಜಿನ್ ಗುರುಗುಟ್ಟಿತು. ನಿಜಲಿಂಗಪ್ಪ ಸುತ್ತ ನೋಡಿದ. ಓಣಿಯ ನೇಕಾರರು ಯಾರೂ ಕಾಣಲಿಲ್ಲ. ಇಕ್ಕಳ ಹಾಕಿ ಒಂದು ಬದಿಯ ಗಂಟುಗಳನ್ನೆಲ್ಲ ಬಿಚ್ಚಿದ. ಟ್ರ್ಯಾಕ್ಟರು ತುಳಿದ ಹಳೆಯ ಜಾಳಿಗೆ ಗಿಡದ ಬುಡದಲ್ಲೇ ಬಿದ್ದಿತ್ತು; ಅದರ ಒಂದು ಸರಳನ್ನು ಕಿತ್ತು ಅಡ್ಡ ಹಿಡಿದು, ತಂತಿಗಳ ತುದಿಯನ್ನೆಲ್ಲ ಅದಕ್ಕೆ ಸುತ್ತಿ, ಸರಳನ್ನು ಒಲೆಯ ಅಂಚಿನಿಂದ ಆಚೆ ಇಳಿಬಿಟ್ಟ. ಆಮೇಲೆ ತಲೆಯೆತ್ತದೆ, ನೆಲಕ್ಕೇ ಹೇಳುವವನಂತೆ, "ಕಲ್ಲು" ಎಂದ.

ಕಲ್ಲು ಇರಲಿಲ್ಲ. ಊರ ಮೇಲೆ ಅಷ್ಟು ದೊಡ್ಡ ಕಲ್ಲುಗುಡ್ಡ ಕೂತಿದ್ದರೂ ಬಸ್ ನಿಲ್ದಾಣದ ಡಾಂಬರಿನ ಮೇಲೆ ಬೇಕಾದಾಗ ಒಂದು ಕಲ್ಲು ಸಿಗುವುದಿಲ್ಲ. ಎಲ್ಲರ ಕಣ್ಣು ಒಂದೇ ಕಡೆ ಹೋಯಿತು: ತಿಪ್ಪವ್ವ ಚಟ್ನಿ ಕುಟ್ಟುವ ಗುಂಡಕಲ್ಲು, ಅವಳ ಮೊಣಕಾಲ ಪಕ್ಕದಲ್ಲಿ.

ತಿಪ್ಪವ್ವ ಅದರ ಮೇಲೆ ಕೈಯಿಟ್ಟಳು. "ನನ್ನ ಚಟ್ನಿ?"

"ಕೊಡಬ್ಯಾಡ ಬಿಡ ತಿಪ್ಪಕ್ಕಾ," ಎಂದಳು ವೀರವ್ವ. "ಕಲ್ಲ ಮುಚ್ಚಿಟ್ಟು ಜಾಗಾ ಹೊಡದ್ಲು ಅಂತ ಮಂದಿ ಅಂತಾರ. ಅಂದ್ರ ಅನ್ನಲಿ. ನಾ ಅಂತೂ ಅನ್ನಂಗಿಲ್ಲ."

ಮಂದಿ ಅಲ್ಲೇ ನಿಂತಿದ್ದರು. ಭಜಿ ತಿನ್ನುತ್ತಿದ್ದರು. ತಿಪ್ಪವ್ವ ಅವರ ಮುಖಗಳನ್ನು ಸಾಲಾಗಿ ನೋಡಿ, ಕಲ್ಲನ್ನು ಸೀರೆಯ ಸೆರಗಿಗೆ ಒರೆಸಿ ಎತ್ತಿಕೊಟ್ಟಳು. "ತಗೋ. ಇದು ಮುಫತ್ತಲ್ಲ, ನೆನಪಿರಲಿ."

ಸರಳಿಗೆ ಕಟ್ಟಿದ ಕಲ್ಲು ತೂಗಿತು. ತಂತಿಗಳು ಒಮ್ಮೆಲೆ ನೆಟ್ಟಗಾದವು. ಕಾಯ್ದಂತೆಲ್ಲ ಸರಳು ಅಂಚಿನಾಚೆ ತುಸು ತುಸು ಇಳಿಯುತ್ತಿತ್ತು, ಜಾಳಿಗೆ ಮಾತ್ರ ಜಗ್ಗಲಿಲ್ಲ. ವೀರವ್ವ ಎಳೆಯ ತೆನೆಯೊಂದನ್ನು ಇಟ್ಟು, ಹೊರಳಿಸಿ, ಹೊರಳಿಸಿ, ಬೇಯಲು ಬಿಡುವಷ್ಟು ತಾಳ್ಮೆಯಿಲ್ಲದೆ ಮತ್ತೆ ಹೊರಳಿಸಿದಳು.

ನಿರ್ವಾಹಕ ಸೀಟಿ ಊದಿದ. ಮೈಲಾರಪ್ಪ ಚೀಲ ಎತ್ತಿಕೊಂಡು ಹೋಗಿ ಬಸ್ಸಿನ ಮೆಟ್ಟಿಲಿಗೆ ಒಂದು ಕಾಲಿಟ್ಟ. ಇನ್ನೊಂದನ್ನು ನೆಲದ ಮೇಲೇ ಬಿಟ್ಟ.

"ಹತ್ತೋ ಮುತ್ಯಾ!"

"ಹತ್ತಾಕ ಹತ್ತೀನಲ್ಲೋ ತಮ್ಮಾ. ಒಂದ್ ಕಾಲು ಬಂದೈತಿ. ಇನ್ನೊಂದಕ್ಕ ವಯಸ್ಸಾಗೈತಿ."

ಬಸ್ಸು ಒಂದು ಮೊಳ ಸರಿಯಿತು. ಮೈಲಾರಪ್ಪನ ನೆಲದ ಕಾಲೂ ಒಂದು ಮೊಳ ಕುಂಟಿತು. ವೀರವ್ವ ತೆನೆಗೆ ಲಿಂಬೆ, ಉಪ್ಪು, ಖಾರ ತಿಕ್ಕಿ ಓಡಿದಳು. ಕೈಗೆ ಕೈ ಮುಟ್ಟಿತು. ಕಾಲು ಒಳಗೆ ಹೋಯಿತು. ಬಸ್ಸು ಹೊರಟಿತು.

"ಬಸ್ ಮೊದಲ ಹೊಂಟಿತ್ತ," ಎಂದಳು ತಿಪ್ಪವ್ವ.

"ಅಜ್ಜನ ಕಾಲು ಕೆಳಗಿತ್ತ," ಎಂದಳು ವೀರವ್ವ.

ಭಜಿ ತಿನ್ನುತ್ತಿದ್ದವರಲ್ಲಿ ಇದರ ಬಗ್ಗೆ ಎರಡು ಪಂಥಗಳಾದವು. ವಾದ ಮತ್ತೊಂದು ಕಡಾಯಿ ಭಜಿ ಖರ್ಚಾಗುವವರೆಗೆ ನಡೆಯಿತು. ಚಟ್ನಿಯಿಲ್ಲದೆ ಖರ್ಚಾದದ್ದನ್ನು ಕಂಡು ತಿಪ್ಪವ್ವ ಸ್ವಲ್ಪ ಮೆತ್ತಗಾದಳು.

ಬೇವಿನ ಕೆಳಗಿನ ಜಾಗ ವೀರವ್ವನಿಗೇ ಉಳಿಯಿತು. ಕಲ್ಲಿನ ಬಾಡಿಗೆಯೆಂದು ತಿಪ್ಪವ್ವನ ಬಾಣಲೆ ಒಂದು ಗೇಣು ನೆರಳಿಗೆ ಸರಿಯಿತು. ನಿಜಲಿಂಗಪ್ಪ ಮನೆಗೆ ಹೋಗಿ, ಸಡಿಲಾಗಿದ್ದ ಹಾಸನ್ನು ಮತ್ತೆ ಗೂಟಕ್ಕೇ ಬಿಗಿದ.